ಹಳೆಯ ಸಾಲುಮನೆಯ ಸೋರಿಕೆ, ಬಿರುಕು, ಉದುರುವ ಸ್ಲ್ಯಾಬ್: ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈ, ಠಾಣೆ, ಡೊಂಬಿವಲಿ ಕಡೆ ಹಳೆಯ ಮನೆಗಳ ರಿಪೇರಿ ನನ್ನ ಕೆಲಸ. ಸಂಘದ ಕಾರ್ಯಕ್ರಮಕ್ಕೆ ಹೋದರೂ, ಮದುವೆ ಊಟಕ್ಕೆ ಕೂತರೂ ನಮ್ಮವರು ಯಾರಾದರೂ ಫೋನ್ ತೆಗೆದು ಗೋಡೆಯ ಫೋಟೋ ತೋರಿಸುತ್ತಾರೆ. ಪತ್ರ, ಮೆಸೇಜುಗಳಲ್ಲೂ ಸುತ್ತಿ ಸುತ್ತಿ ಅದೇ ಪ್ರಶ್ನೆಗಳು ಬರುತ್ತವೆ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ. ಸಾಲುಮನೆ ಅಂದರೆ ಇಲ್ಲಿ ರೋ ಹೌಸ್, ಬೈಠೀ ಚಾಳ್ (ನೆಲಮಟ್ಟದಲ್ಲೇ ಇರುವ ಖೋಲಿಗಳ ಸಾಲು), ಮಹಡಿ ಚಾಳ್, ಹೀಗೆ ಪಕ್ಕದ ಮನೆಯ ಗೋಡೆಗೆ ಅಂಟಿಕೊಂಡ ಎಲ್ಲ ಮನೆಗಳೂ ಸೇರಿವೆ.

ಓದುವ ಮೊದಲು ಒಂದು ಮಾತು. ಕಲೆ ಎಲ್ಲಿದೆ ಎಂದು ಎಲ್ಲರೂ ನೋಡುತ್ತಾರೆ. ಅದು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂದು ನೋಡಿದರೆ ಕಾರಣ ಬೇಗ ಸಿಗುತ್ತದೆ. ಕಾರಣ ಸಿಗುವವರೆಗೆ ದಯವಿಟ್ಟು ಏನನ್ನೂ ಬಳಿದು ಮುಚ್ಚಬೇಡಿ.

## ಮೊದಲು ಕಣ್ಣಿಗೆ ಬೀಳುವುದು

ಗೋಡೆ ಮೇಲೆ ಒದ್ದೆ ಕಲೆ ಬಂದಿದೆ. ನೀರು ಎಲ್ಲಿಂದ ಬರ್ತಾ ಇದೆ ಅಂತ ಹೇಗೆ ಕಂಡುಹಿಡಿಯೋದು?

ಕಲೆಯ ಸುತ್ತ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಪಕ್ಕದಲ್ಲಿ ತಾರೀಕು, ಗಂಟೆ ಬರೆಯಿರಿ. ಒಂದು ವಾರ ಬೆಳಿಗ್ಗೆ ಸಂಜೆ ನೋಡಿ, ಕಲೆ ಬೆಳೆದಾಗಲೆಲ್ಲ ಹೊಸ ಗೆರೆ ಎಳೆಯಿರಿ. ಕಾಸು ಖರ್ಚಿಲ್ಲದ ಈ ಕೆಲಸದಲ್ಲೇ ಅರ್ಧ ಉತ್ತರ ಸಿಕ್ಕಿಬಿಡುತ್ತದೆ.

ಮುಂಬೈಯಲ್ಲಿ ನಮಗೊಂದು ಅನುಕೂಲ ಇದೆ. ಹೆಚ್ಚಿನ ಕಡೆ ಕಾರ್ಪೊರೇಷನ್ ನೀರು ದಿನವಿಡೀ ಬರುವುದಿಲ್ಲ, ಅದಕ್ಕೊಂದು ಹೊತ್ತು ಇರುತ್ತದೆ. ನೀರು ಬಿಟ್ಟ ಹೊತ್ತಿನಲ್ಲಿ ಕಲೆ ಹಿಗ್ಗಿ, ಆಮೇಲೆ ಹಾಗೇ ನಿಂತರೆ ಒಳಗೆ ಬರುವ ಲೈನಿನಲ್ಲಿ ತೂತು ಇದೆ ಎಂದು ಹುಡುಕಲು ಶುರು ಮಾಡಿ. ಹಗಲು ರಾತ್ರಿ ಒಂದೇ ಸಮ ಒದ್ದೆ ಇದ್ದರೆ ಮೇಲಿನ ಟ್ಯಾಂಕಿನಿಂದ ಇಳಿಯುವ ಪೈಪಿನ ಮೇಲೆ ಅನುಮಾನ ಪಡಬೇಕು. ರಾತ್ರಿ ಎಲ್ಲ ನಲ್ಲಿ ಬಂದ್ ಮಾಡಿ ಟ್ಯಾಂಕಿನ ಮಟ್ಟ ಅಳೆದಿಡಿ, ಬೆಳಿಗ್ಗೆ ಯಾರೂ ನೀರು ಮುಟ್ಟುವ ಮೊದಲು, ಟ್ಯಾಂಕಿಗೆ ಹೊಸ ನೀರು ಬೀಳುವ ಮೊದಲು, ಮತ್ತೆ ಅಳೆಯಿರಿ. ಸ್ನಾನ ಆದ ಮೇಲೆ, ಬಟ್ಟೆ ಒಗೆದ ಮೇಲೆ ಕಲೆ ಜಾಸ್ತಿಯಾದರೆ ನಹಾನಿ ಟ್ರ್ಯಾಪ್ (ಬಚ್ಚಲ ನೆಲದಲ್ಲಿ ನೀರು ಇಳಿಯುವ ಜಾಲಿ) ಅಥವಾ ಹೊರಗೆ ಹೋಗುವ ಪೈಪನ್ನು ನೋಡಬೇಕು.

ಜೂನ್‌ನಲ್ಲಿ ಶುರುವಾಗಿ ಮಳೆ ಹೋದ ಮೇಲೆ ತಾನಾಗಿ ಒಣಗುವ ಕಲೆ ಮಳೆಯದ್ದು. ಇಲ್ಲಿನ ಮಳೆ ನೈಋತ್ಯದಿಂದ ಗಾಳಿಯ ಜೊತೆ ಬರುತ್ತದೆ, ಹಾಗಾಗಿ ಪಶ್ಚಿಮ ಮತ್ತು ದಕ್ಷಿಣದ ಗೋಡೆಗಳು ಹೆಚ್ಚು ಪೆಟ್ಟು ತಿನ್ನುತ್ತವೆ. ಕಿಟಕಿಯ ಚೌಕಟ್ಟಿನ ಅಂಚು, ಛಜ್ಜಾ (ಕಿಟಕಿಯ ಮೇಲಿನ ಚಾಚು) ಗೋಡೆಗೆ ಸೇರುವ ಜಾಗ, ಎಸಿ ಕೂರಿಸಲು ಕೊರೆದ ತೂತು, ಕೇಬಲ್ ಒಳಗೆ ಬಂದ ತೂತು, ಇವನ್ನು ಮೊದಲು ನೋಡಿ. ಗೊತ್ತಾಗದಿದ್ದರೆ ಮಳೆ ಇಲ್ಲದ ದಿನ ಹೊರಗಿನಿಂದ ಪೈಪಿನಲ್ಲಿ ನೀರು ಬಿಡಿ. ಕೆಳಗಿನಿಂದ ಶುರು ಮಾಡಿ, ಒಂದೊಂದು ಮಟ್ಟದಲ್ಲಿ ಹದಿನೈದು ಇಪ್ಪತ್ತು ನಿಮಿಷ ಬಿಟ್ಟು, ಆಮೇಲೆ ಮೇಲೆ ಹೋಗಿ. ಮೇಲಿನಿಂದ ಶುರು ಮಾಡಿದರೆ ನೀರು ಗೋಡೆ ಪೂರ್ತಿ ಇಳಿಯುತ್ತದೆ, ಯಾವ ಸಂದಿನಿಂದ ಒಳಗೆ ಹೋಯಿತು ಎಂದು ಹೇಳಲು ಆಗುವುದೇ ಇಲ್ಲ.

ಗೋಡೆ ಬುಡದಲ್ಲಿ ಬಣ್ಣ ಉದುರಿ ಬಿಳಿ ಪುಡಿ ಬರ್ತದೆ. ವರ್ಷಾ ವರ್ಷಾ ಬಣ್ಣ ಹೊಡೆಸಿ ಸಾಕಾಯ್ತು.

ನೆಲದ ತೇವ ಗೋಡೆಯೊಳಗೆ ಮೇಲೇರುತ್ತಿದೆ. ಇಟ್ಟಿಗೆಯ ಸಣ್ಣ ರಂಧ್ರಗಳಲ್ಲಿ ನೀರು ಏರಿ ಮೇಲ್ಮೈಯಲ್ಲಿ ಆವಿಯಾಗುತ್ತದೆ, ಅದರಲ್ಲಿ ಕರಗಿದ್ದ ಉಪ್ಪು ಅಲ್ಲೇ ಉಳಿದು ಹರಳುಗಟ್ಟುತ್ತದೆ. ಆ ಹರಳು ಬಣ್ಣವನ್ನೂ ಪ್ಲಾಸ್ಟರನ್ನೂ ಹೊರಗೆ ತಳ್ಳುತ್ತದೆ. ಸಾಮಾನ್ಯವಾಗಿ ಎರಡು ಮೂರು ಅಡಿ ಎತ್ತರದವರೆಗೆ ಗೋಡೆ ಉದ್ದಕ್ಕೂ ಅಡ್ಡ ಪಟ್ಟಿಯಂತೆ ಕಾಣುತ್ತದೆ. ಅದಕ್ಕಿಂತ ಬಹಳ ಮೇಲಿದ್ದರೆ, ಅಥವಾ ಒಂದೇ ಜಾಗದಲ್ಲಿ ಇದ್ದರೆ, ಪೈಪೋ ಮಳೆಯೋ ಎಂದು ಮತ್ತೆ ಯೋಚಿಸಿ.

ಹೊರಗೆ ಹೋಗಿ ಪ್ಲಿಂತ್, ಅಂದರೆ ಮನೆ ಕೂತಿರುವ ಕಟ್ಟೆ, ನೋಡಿ. ನಮ್ಮ ಊರಿನ ಹಳೆ ಚಾಳುಗಳಲ್ಲಿ ರಸ್ತೆಗೆ ಪದರದ ಮೇಲೆ ಪದರ ಹಾಕಿ ಹಾಕಿ ರಸ್ತೆ ಮನೆಗಿಂತ ಮೇಲೇರಿದೆ. ಅಂಗಳಕ್ಕೆ ಹೊಸ ಲಾದಿ (ನೆಲಹಾಸು ಕಲ್ಲು) ಹಾಕಿಸಿದವರೂ ಅದನ್ನೇ ಮಾಡಿದ್ದಾರೆ. ಕಟ್ಟುವಾಗ ತೇವ ತಡೆಯಲು ಪ್ಲಿಂತ್ ಮೇಲೆ ಹಾಕಿದ್ದ ಪದರ ಈಗ ನೆಲದ ಕೆಳಗೆ ಹೂತಿದೆ, ತೇವ ಅದನ್ನು ದಾಟಿ ಬರುತ್ತದೆ. ಹೊರಗಿನ ಮಟ್ಟ ಇಳಿಸಿ, ಗೋಡೆ ಪಕ್ಕದ ಗಟಾರ ಸೋರುತ್ತಿದ್ದರೆ ಸರಿ ಮಾಡಿ, ಆಮೇಲೆ ಉಪ್ಪು ಕುಡಿದ ಪ್ಲಾಸ್ಟರನ್ನು ಕಲೆಗಿಂತ ಒಂದಡಿ ಮೇಲಿನವರೆಗೆ ಕಿತ್ತು ಹೊಸದು ಮಾಡಿಸಿ. ಇದರಿಂದ ಆಗದಿದ್ದರೆ ಗೋಡೆ ಬುಡದಲ್ಲಿ ಸಾಲಾಗಿ ತೂತು ಕೊರೆದು ತೇವ ತಡೆಯುವ ರಾಸಾಯನಿಕ ತುಂಬುವ ಕ್ರಮ ಇದೆ. ಒಳಗಡೆ ಟೈಲ್ಸ್ ಅಂಟಿಸಿ ಮುಚ್ಚುವುದು ಮಾತ್ರ ಬೇಡ. ಆವಿಯಾಗಲು ದಾರಿ ಇಲ್ಲದ ನೀರು ಟೈಲ್ಸ್ ದಾಟಿ ಇನ್ನೂ ಮೇಲಕ್ಕೆ ಹೋಗುತ್ತದೆ.

ಮಳೆಗಾಲದಲ್ಲಿ ಕಪಾಟಿನ ಹಿಂದೆ ಕಪ್ಪು ಬೂಷ್ಟು. ಇದೂ ಲೀಕೇಜಾ?

ಇರಲೂಬಹುದು, ಗಾಳಿಯಲ್ಲಿರುವ ತೇವವೂ ಆಗಿರಬಹುದು. ಗೋಡೆಯನ್ನು ಒರೆಸಿ, ಅಂಗೈಗಿಂತ ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಂಟಿಸಿ. ಒಂದೆರಡು ದಿನ ಬಿಟ್ಟು ನೋಡಿ. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದರೆ ತೇವ ಗೋಡೆಯಿಂದ ಬರುತ್ತಿದೆ. ಹೊರಮೈಯಲ್ಲಿ ಕಟ್ಟಿದರೆ ಕೋಣೆಯ ಗಾಳಿಯಿಂದ. ಎರಡನೆಯದಕ್ಕೆ ಕಪಾಟನ್ನು ಗೋಡೆಯಿಂದ ಮೂರು ನಾಲ್ಕು ಇಂಚು ಸರಿಸಿ, ಅಡುಗೆಮನೆಗೆ ಎಕ್ಸಾಸ್ಟ್ ಫ್ಯಾನ್ ಹಾಕಿ, ಕೋಣೆಯೊಳಗೆ ಬಟ್ಟೆ ಒಣಗಿಸುವುದು ಕಡಿಮೆ ಮಾಡಿ. ಎರಡೂ ಕಡೆ ಗೋಡೆ ಹಂಚಿಕೊಂಡ ಮನೆಯಲ್ಲಿ ಗಾಳಿ ಬರುವುದು ಮುಂದೆ ಹಿಂದೆ ಮಾತ್ರ. ಹಿಂದಿನ ಕಿಟಕಿ ಮುಚ್ಚಿ ಶೆಡ್ ಮಾಡಿಕೊಂಡವರ ಮನೆಯಲ್ಲಿ ಈ ಬೂಷ್ಟು ಹೋಗುವುದು ಕಷ್ಟ.

ಗೋಡೆ ಬಿರುಕು ಬಿಟ್ಟಿದೆ. ಇದು ಡೇಂಜರಾ, ಸುಮ್ನೆ ಇರೋ ಬಿರುಕಾ?

ಮೊದಲು ಅದರ ಆಕಾರ ನೋಡಿ. ಜೇಡರ ಬಲೆಯಂತೆ ಎಲ್ಲ ಕಡೆ ಹರಡಿದ ಕೂದಲೆಳೆ ಬಿರುಕು ಪ್ಲಾಸ್ಟರ್ ಒಣಗುವಾಗ ಆದದ್ದು, ಚಿಂತೆ ಬೇಡ. ಪಿಲ್ಲರಿಗೂ ಇಟ್ಟಿಗೆ ಗೋಡೆಗೂ ನಡುವೆ ನೇರವಾಗಿ ಇಳಿಯುವ ಬಿರುಕು ಎರಡು ಬೇರೆ ವಸ್ತುಗಳು ಸೇರುವ ಜಾಗದ್ದು. ಅಲ್ಲಿ ಜಾಲರಿ ಹಾಕಿ ಪ್ಲಾಸ್ಟರ್ ಮಾಡಿದರೆ ಸಾಮಾನ್ಯವಾಗಿ ಮುಗಿಯಿತು. ಮೇಲಿನ ಮಹಡಿಯಲ್ಲಿ ಸ್ಲ್ಯಾಬಿನ ಕೆಳಗೇ ಅಡ್ಡಲಾಗಿ ಓಡುವ ಬಿರುಕು ಬಿಸಿಲಿಗೆ ಸ್ಲ್ಯಾಬ್ ಹಿಗ್ಗಿ ಕುಗ್ಗಿ ಆಗುತ್ತದೆ. ಮನೆ ಬೀಳಿಸುವುದಿಲ್ಲ, ಆದರೆ ಮಳೆ ನೀರಿಗೆ ದಾರಿ ಕೊಡುತ್ತದೆ.

ಕಿಟಕಿ ಬಾಗಿಲ ಮೂಲೆಯಿಂದ ಓರೆಯಾಗಿ ಹೊರಟು, ಇಟ್ಟಿಗೆಯ ಸಂದುಗಳಲ್ಲಿ ಮೆಟ್ಟಿಲಿನಂತೆ ಇಳಿಯುವ ಬಿರುಕು ಬೇರೆ. ಪಾಯದ ಒಂದು ಭಾಗ ಕುಸಿಯುತ್ತಿರಬಹುದು. ಬೀಮಿನ ಅಥವಾ ಪಿಲ್ಲರಿನ ಅಂಚಿಗೆ ಉದ್ದಕ್ಕೂ ಸಮವಾಗಿ ಓಡುವ ಬಿರುಕು ಕಂಡರೆ ಒಳಗೆ ಸರಳು ತುಕ್ಕು ಹಿಡಿದಿದೆ ಎಂದೇ ತಿಳಿಯಿರಿ.

ಅಗಲಕ್ಕೆ ಎಟಿಎಂ ಕಾರ್ಡು ಸಾಕು, ಅದರ ದಪ್ಪ ಸುಮಾರು ಮುಕ್ಕಾಲು ಮಿಲಿಮೀಟರ್. ಕಾರ್ಡು ಒಳಗೆ ಹೋಗದ ಬಿರುಕನ್ನು ನಿಧಾನಕ್ಕೆ ಗಮನಿಸುತ್ತಿರಿ. 5 ಮಿಲಿಮೀಟರ್ ದಾಟಿದ್ದನ್ನು ಇಂಜಿನಿಯರ್ ಬಂದು ನೋಡಲೇಬೇಕು. ಇದಕ್ಕಿಂತಲೂ ಮುಖ್ಯ, ಬಿರುಕು ಬೆಳೆಯುತ್ತಿದೆಯೇ ಅನ್ನುವುದು. ಎರಡು ತುದಿಗೂ ಪೆನ್ಸಿಲ್ ಗುರುತು ಮತ್ತು ತಾರೀಕು ಹಾಕಿ. ಪ್ಲಾಸ್ಟರ್ ಕೆರೆದು, ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯನ್ನು ಎರಡೂ ತುದಿಯಲ್ಲಿ ಸಿಮೆಂಟ್ ಮೆತ್ತಿ ಕೂರಿಸಿ. ಗಾಜು ಒಡೆದರೆ ಗೋಡೆ ಇನ್ನೂ ಚಲಿಸುತ್ತಿದೆ. ಇಪ್ಪತ್ತು ವರ್ಷದಿಂದ ಹಾಗೇ ನಿಂತ ದೊಡ್ಡ ಬಿರುಕಿಗಿಂತ ಈ ಮೂರು ತಿಂಗಳಲ್ಲಿ ಉದ್ದವಾದ ಸಣ್ಣ ಬಿರುಕಿಗೆ ನಾನು ಹೆಚ್ಚು ಹೆದರುತ್ತೇನೆ.

ಒದ್ದೆ ಗೋಡೆ ಮುಟ್ಟಿದ್ರೆ ಜುಮ್ ಅನ್ನುತ್ತೆ.

ಮೇನ್ ಸ್ವಿಚ್ ಆರಿಸಿ, ಇವತ್ತೇ ಎಲೆಕ್ಟ್ರಿಷಿಯನ್ ಕರೆಸಿ. ಮಕ್ಕಳನ್ನು ಆ ಗೋಡೆಯ ಹತ್ತಿರ ಬಿಡಬೇಡಿ. ಹಳೆಯ ವೈರಿನ ರಬ್ಬರ್ ಸವೆದು ಕರೆಂಟು ತೇವಕ್ಕೆ ಇಳಿಯುತ್ತಿದೆ. ಸಾಮಾನ್ಯ ಎಂಸಿಬಿ ಇದನ್ನು ಹಿಡಿಯುವುದಿಲ್ಲ, ಕರೆಂಟು ಸೋರಿದ ಕೂಡಲೇ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್ ಬೇಕು. ಉಳಿದ ರಿಪೇರಿಗೆ ದುಡ್ಡು ಕೂಡಿಸುವವರೆಗೆ ಕಾಯಬಹುದು, ಇದಕ್ಕೆ ಕಾಯಬೇಡಿ.

## ತಾರಸಿ ಮತ್ತು ಪಕ್ಕದ ಮನೆ

ಪಕ್ಕದವರ ಬಾತ್‌ರೂಮ್ ನೀರು ನಮ್ಮ ಗೋಡೆಗೆ ಬರ್ತಿದೆ. ಅವರು ಒಪ್ಪೋದೇ ಇಲ್ಲ. ಹೇಗೆ ತೋರಿಸಿಕೊಡೋದು?

ಜಗಳ ಶುರುವಾದ ಮೇಲೆ ಪರೀಕ್ಷೆ ಕಷ್ಟ. ಹಾಗಾಗಿ ಮಾತು ಮೃದುವಾಗಿರುವಾಗಲೇ ಕೇಳಿ: ಎರಡು ದಿನ ಆ ಬಾತ್‌ರೂಮ್ ಬಳಸದೆ ಇರ್ತೀರಾ? ಕಲೆ ಒಣಗುತ್ತಾ ಬಂದರೆ ಅವರಿಗೂ ಕಣ್ಣಾರೆ ಕಾಣುತ್ತದೆ. ಮುಂದೆ ಬಣ್ಣದ ಪರೀಕ್ಷೆ. ನಹಾನಿ ಟ್ರ್ಯಾಪಿಗೆ ಒಂದು ಬಣ್ಣ, ಬೇಸಿನ್ನಿಗೆ ಇನ್ನೊಂದು, ಸಂಡಾಸಿಗೆ ಮತ್ತೊಂದು ಬಣ್ಣದ ನೀರು ಹಾಕಿ ಒಂದೆರಡು ದಿನ ನಿಮ್ಮ ಗೋಡೆ ನೋಡಿ. ಯಾವ ಬಣ್ಣ ಬಂತೋ ಅಲ್ಲೇ ತೂತು. ಬಣ್ಣ ಬರದಿದ್ದರೆ ಲೀಕ್ ಇಲ್ಲವೆಂದು ಹೇಳಲು ಬರುವುದಿಲ್ಲ, ಗಾರೆಯಲ್ಲಿ ಬಣ್ಣ ಸೋಸಿ ಹೋಗುವುದೂ ಉಂಟು.

ಹಳೆಯ ಚಾಳುಗಳ ಮೋರಿಯಲ್ಲಿ (ಖೋಲಿಯೊಳಗಿನ ಬಚ್ಚಲಲ್ಲಿ) ಶಹಾಬಾದ್ ಕಲ್ಲು ಹಾಸಿರುತ್ತಾರೆ, ನಮ್ಮ ಕಲಬುರಗಿ ಕಡೆಯಿಂದ ಬಂದದ್ದು. ಕಲ್ಲು ಗಟ್ಟಿಯಾಗೇ ಇರುತ್ತದೆ, ಸಂದಿನ ಸಿಮೆಂಟು ಸವೆದಿರುತ್ತದೆ. ಎಷ್ಟೋ ಕಡೆ ಸಂದು ಕೆರೆದು ತುಂಬಿದ್ದಕ್ಕೇ ಸೋರಿಕೆ ನಿಂತಿದೆ, ಇಡೀ ಬಾತ್‌ರೂಮ್ ಒಡೆಸುವ ಮೊದಲು ಇದನ್ನು ನೋಡಿ. ಖರ್ಚು ಇಬ್ಬರೂ ಹಂಚಿಕೊಳ್ಳುವ ಮಾತಾಡಿದರೆ ಪಕ್ಕದವರು ಬಾಗಿಲು ತೆರೆಯುವ ಸಂಭವ ಜಾಸ್ತಿ. ನಿಮ್ಮ ತಪ್ಪಿಲ್ಲದಿದ್ದರೂ ಹಾಗೆ ಮಾಡುವುದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಒದ್ದೆಯಾಗುತ್ತಿರುವ ಗೋಡೆ ಇಬ್ಬರದೂ ಅಲ್ವಾ.

ತಾರಸಿಗೆ ವಾಟರ್‌ಪ್ರೂಫಿಂಗ್ ಮಾಡಿಸಿ ಎರಡು ವರ್ಷಕ್ಕೇ ಮತ್ತೆ ಸೋರ್ತಿದೆ. ಕೆಮಿಕಲ್ ಸರಿ ಇಲ್ವಾ?

ಕೆಮಿಕಲ್ಲಿಗಿಂತ ಅಂಚುಗಳದ್ದೇ ತಪ್ಪು ಜಾಸ್ತಿ. ತಾರಸಿಯ ನಡುವೆ ಸೋರುವುದು ಕಡಿಮೆ. ಸೋರುವುದು ಪ್ಯಾರಾಪೆಟ್ ಗೋಡೆ ಸ್ಲ್ಯಾಬಿಗೆ ಸೇರುವ ಮೂಲೆಯಲ್ಲಿ, ನೀರು ಇಳಿಯುವ ಪೈಪಿನ ಬಾಯಲ್ಲಿ, ಟ್ಯಾಂಕಿನ ಕಾಲ ಬುಡದಲ್ಲಿ, ಡಿಶ್ ಆಂಟೆನಾಕ್ಕೆ ಹೊಡೆದ ಬೋಲ್ಟಿನಲ್ಲಿ. ಸಾಲುಮನೆಗಳಲ್ಲಿ ಇನ್ನೊಂದು ಜಾಗ ಇದೆ: ನಿಮ್ಮ ತಾರಸಿ ಪಕ್ಕದವರ ತಾರಸಿಗೆ ಸೇರುವ ಗೆರೆ. ಒಬ್ಬರು ಎತ್ತರಿಸಿ ಒಬ್ಬರು ಹಾಗೇ ಬಿಟ್ಟರೆ ಎತ್ತರದವರ ನೀರು ಗೋಡೆಯ ಬುಡಕ್ಕೆ ಬಂದು ನಿಲ್ಲುತ್ತದೆ.

ಇಲ್ಲಿನ ಹಳೆ ಪದ್ಧತಿ ಬ್ರಿಕ್‌ಬ್ಯಾಟ್ ಕೋಬಾ, ಇಟ್ಟಿಗೆ ತುಂಡು ಮತ್ತು ಗಾರೆಯ ದಪ್ಪ ಪದರ. ಒಳ್ಳೆಯ ಇಳಿಜಾರು ಕೊಟ್ಟು ಮಾಡಿದರೆ ಬಹಳ ವರ್ಷ ಬರುತ್ತದೆ. ಆದರೆ ಒಂದು ಕಡೆ ಬಿರುಕು ಬಿಟ್ಟರೆ ನೀರು ಒಳಗೇ ಹರಿದು ಎಲ್ಲೋ ದೂರದಲ್ಲಿ ಕೆಳಗಿಳಿಯುತ್ತದೆ. ಹಾಗಾಗಿ ಒಳಗೆ ಕಲೆ ಕಂಡ ಜಾಗದ ಸರಿ ಮೇಲೇ ತೂತು ಇರುತ್ತದೆ ಎಂದು ನಂಬಬೇಡಿ. ಇನ್ನೊಂದು ಮಾತು, ಹಳೆ ಕೋಬಾದ ಮೇಲೆ ಮತ್ತೊಂದು ಕೋಬಾ ಹಾಕಿಸಲೇಬೇಡಿ. ಆ ಭಾರ ಹೊರಲು ನಿಮ್ಮ ಸ್ಲ್ಯಾಬ್ ಕಟ್ಟಿದ್ದಲ್ಲ.

ಪರೀಕ್ಷೆ ಹೀಗೆ: ಪೈಪಿನ ಬಾಯಿ ಮುಚ್ಚಿ, ಎರಡು ಮೂರು ಇಂಚು ನೀರು ನಿಲ್ಲಿಸಿ, 48 ಗಂಟೆ ಬಿಟ್ಟು ಕೆಳಗೆ ನೋಡಿ. ಸರಳು ಕಾಣುವಷ್ಟು ಹಾಳಾದ ಸ್ಲ್ಯಾಬಿನ ಮೇಲೆ ಇದನ್ನು ಮಾಡಬೇಡಿ, ಎರಡು ಮೂರು ಇಂಚು ನೀರು ಅಂದರೂ ಪ್ರತಿ ಚದರ ಮೀಟರಿಗೆ ಸುಮಾರು 50ರಿಂದ 75 ಕಿಲೋ ಭಾರ. ಕಾಂಟ್ರಾಕ್ಟರಿಗೆ ಕೊನೆಯ ಕಂತು ಕೊಡುವುದು ಈ ಪರೀಕ್ಷೆ ಪಾಸಾದ ಮೇಲೆ ಎಂದು ಮೊದಲೇ ಬರೆಸಿಕೊಳ್ಳಿ.

ಪಕ್ಕದವರು ಮೇಲೆ ಮಹಡಿ ಏರಿಸಿದ್ರು. ಆಮೇಲೆ ನಮ್ಮ ಗೋಡೆ ಬಿರುಕು ಬಿಟ್ಟಿದೆ. ಸಂಬಂಧ ಇದೆಯಾ?

ಬಹಳ ಸಲ ಇರುತ್ತದೆ. ಚಾರ್ಕೋಪ್, ಗೊರಾಯಿ ಕಡೆ 1980ರ ದಶಕದ ಯೋಜನೆಯಲ್ಲಿ ಸಣ್ಣ ಪ್ಲಾಟುಗಳಲ್ಲಿ ಕಟ್ಟಿದ ಸಾಲುಮನೆಗಳು ಎಷ್ಟೋ ಇವೆ. ನೆಲಮಹಡಿಗೆ ಎಂದು ಹಾಕಿದ ಪಾಯದ ಮೇಲೆ ಎರಡು ಮೂರು ಮಹಡಿ ಎದ್ದಿರುವುದನ್ನು ಅಲ್ಲಿ ಕಾಣಬಹುದು. ಖಾಡಿಯ (ಸಮುದ್ರದ ಹಿನ್ನೀರಿನ) ಹತ್ತಿರದ ನೆಲದಲ್ಲಿ ಮೆತ್ತನೆಯ ಜೇಡಿ ಮಣ್ಣು ಇರುತ್ತದೆ, ಭಾರ ಬಿದ್ದರೆ ವರ್ಷಗಟ್ಟಲೆ ನಿಧಾನಕ್ಕೆ ಕುಗ್ಗುತ್ತದೆ. ಪಕ್ಕದ ಮನೆ ಕುಗ್ಗುವಾಗ ಹಂಚಿಕೊಂಡ ಗೋಡೆಯನ್ನೂ ಕೆಳಗೆ ಎಳೆಯುತ್ತದೆ.

ನಿಮ್ಮ ಬಿರುಕು ಕಾಮನ್ ಗೋಡೆಯ ಹತ್ತಿರ ಹೆಚ್ಚಿದ್ದು ದೂರ ಹೋದಂತೆ ಕಡಿಮೆಯಾದರೆ, ಬಾಗಿಲುಗಳು ಒಂದೇ ಕಡೆಗೆ ಉಜ್ಜುತ್ತಿದ್ದರೆ, ಅನುಮಾನ ಗಟ್ಟಿಯಾಗುತ್ತದೆ. ಆದರೆ ಬಿರುಕು ಮೊದಲೇ ಇತ್ತು ಎಂದು ಅವರು ಹೇಳಿದರೆ ನಿಮ್ಮ ಬಳಿ ಉತ್ತರ ಬೇಕಲ್ಲ. ಅದಕ್ಕೇ ಪಕ್ಕದಲ್ಲಿ ಕಟ್ಟುವ, ಒಡೆಯುವ, ಆಳ ಅಗೆಯುವ ಕೆಲಸ ಶುರುವಾಗುತ್ತದೆ ಎಂದು ಗೊತ್ತಾದ ದಿನವೇ ನಿಮ್ಮ ಮನೆಯ ಪ್ರತಿ ಗೋಡೆಯ ಫೋಟೋ ತೆಗೆದು, ತಾರೀಕಿನ ಜೊತೆ ಒಂದು ಪ್ರತಿಯನ್ನು ಅವರಿಗೂ ಕಳಿಸಿ. ಅಗೆತ ನಿಮ್ಮ ಪಾಯಕ್ಕಿಂತ ಆಳ ಹೋದರೆ ಆಧಾರ ಕೊಟ್ಟೇ ಮಾಡಬೇಕು ಎಂದು ಲಿಖಿತವಾಗಿ ಕೇಳಿ.

ಗೋಡೆ ಸಂದಿನಲ್ಲಿ ಅರಳಿ ಗಿಡ ಬಂದಿದೆ. ಕಡಿಯೋಕೆ ಮನೆಯಲ್ಲಿ ಒಪ್ಪೋದಿಲ್ಲ.

ಸಣ್ಣದಿರುವಾಗಲೇ ಬೇರು ಸಮೇತ ಬಿಡಿಸಿ ಕುಂಡದಲ್ಲೋ ಖಾಲಿ ಜಾಗದಲ್ಲೋ ನೆಡಿ, ಮನೆಯವರೂ ಒಪ್ಪುತ್ತಾರೆ. ಅರಳಿ ಬಂದಿದೆ ಎಂದರೆ ಅಲ್ಲಿ ವರ್ಷವಿಡೀ ತೇವ ಇದೆ. ಹಿಂದಿನ ಪೈಪಿನ ಜಾಯಿಂಟ್ ನೋಡಿ. ಬರೀ ಮೇಲೆ ಕತ್ತರಿಸಿದರೆ ಮತ್ತೆ ಚಿಗುರುತ್ತದೆ, ಒಳಗಿನ ಬೇರು ದಪ್ಪವಾಗುತ್ತಾ ಗೋಡೆಯನ್ನು ಸೀಳುತ್ತಾ ಹೋಗುತ್ತದೆ.

ಒಳಗಿನ ಗೋಡೆ ಒಡೆದು ಹಾಲ್ ದೊಡ್ಡದು ಮಾಡಬಹುದಾ? ಪಕ್ಕದವರು ಮಾಡಿಸಿದ್ದಾರೆ, ಏನೂ ಆಗಿಲ್ಲ.

ಗೋಡೆಯ ದಪ್ಪ ಅಳೆಯಿರಿ. ನಾಲ್ಕೂವರೆ ಇಂಚಿನದ್ದು ಸಾಮಾನ್ಯವಾಗಿ ಕೋಣೆ ಬೇರ್ಪಡಿಸುವ ಗೋಡೆ. ಒಂಬತ್ತು ಇಂಚು ಅಥವಾ ಹೆಚ್ಚಿದ್ದರೆ, ಮೇಲಿನ ಮಹಡಿಯಲ್ಲೂ ಅದೇ ಜಾಗದಲ್ಲಿ ಗೋಡೆ ಇದ್ದರೆ, ತೊಲೆಗಳು ಅದರ ಮೇಲೆ ಕೂತಿದ್ದರೆ, ಅದು ಭಾರ ಹೊರುವ ಗೋಡೆ. ಹಳೆ ಮನೆಗಳಲ್ಲಿ ದಪ್ಪವೊಂದನ್ನೇ ನಂಬುವ ಹಾಗೂ ಇಲ್ಲ, ಕುಗ್ಗಿದ ಸ್ಲ್ಯಾಬ್ ತೆಳು ಗೋಡೆಯ ಮೇಲೂ ಬಂದು ಕೂತಿರುತ್ತದೆ. ಪಕ್ಕದವರಿಗೆ ಏನೂ ಆಗಿಲ್ಲ ಅಂದರೆ ಅವರ ಭಾರವನ್ನು ಈಗ ನಿಮ್ಮ ಗೋಡೆ ಹೊರುತ್ತಿರಬಹುದು. ನೀವೂ ಒಡೆದರೆ? ಇಂಜಿನಿಯರ್ ಬರೆದುಕೊಡದೆ ಸುತ್ತಿಗೆ ಎತ್ತಬೇಡಿ.

## ಸ್ಲ್ಯಾಬ್, ಮರ, ಕಲ್ಲು, ಮಣ್ಣು

ಸ್ಲ್ಯಾಬಿನ ಚೂರು ಉದುರಿ ತುಕ್ಕು ಹಿಡಿದ ಸರಳು ಕಾಣ್ತಿದೆ. ಸಿಮೆಂಟ್ ಮೆತ್ತಿದ್ರೆ ಸಾಕಲ್ವಾ?

ಸಾಲದು. ಹೊಸ ಕಾಂಕ್ರೀಟು ತನ್ನ ಕ್ಷಾರ ಗುಣದಿಂದ ಸರಳನ್ನು ತುಕ್ಕಿನಿಂದ ಕಾಪಾಡುತ್ತದೆ. ವರ್ಷ ಕಳೆದಂತೆ ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಗಿಳಿದು ಆ ಕ್ಷಾರ ಹೋಗುತ್ತದೆ. ಸಮುದ್ರದ ಗಾಳಿಯ ಉಪ್ಪು ಸೇರಿದರೆ ಇನ್ನೂ ಬೇಗ. ಖಾಡಿಯ ಮರಳನ್ನು ಸರಿಯಾಗಿ ತೊಳೆಯದೆ ಬಳಸಿದ ಕಟ್ಟಡಗಳಲ್ಲಿ ಉಪ್ಪು ಮೊದಲ ದಿನದಿಂದಲೇ ಒಳಗಿತ್ತು. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ತೆಗೆದುಕೊಳ್ಳುತ್ತದೆ, ಕಾಂಕ್ರೀಟನ್ನು ಒಳಗಿನಿಂದ ಒಡೆದು ಹೊರಗೆ ತಳ್ಳುತ್ತದೆ. ಮೇಲೆ ಸಿಮೆಂಟ್ ಮೆತ್ತಿದರೂ ತುಕ್ಕು ಮುಂದುವರಿಯುತ್ತದೆ. ಮುಂದಿನ ಸಲ ಬೀಳುವ ತುಂಡು ಇನ್ನೂ ದೊಡ್ಡದಿರುತ್ತದೆ, ಕೆಳಗೆ ಮಲಗಿದವರ ಮೇಲೆ ಬೀಳುತ್ತದೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಉದುರದ ಜಾಗವನ್ನೂ ಕೋಲಿನಿಂದ ತಟ್ಟಿ ಕೇಳಿ. ಟೊಳ್ಳು ಸದ್ದು ಬಂದಲ್ಲೆಲ್ಲ ಒಳಗೆ ಬಿಟ್ಟಿದೆ, ಅದರ ಕೆಳಗಿನಿಂದ ಮಂಚ, ತೊಟ್ಟಿಲು ಸರಿಸಿ. ಮೊದಲು ಸೋರಿಕೆ ನಿಲ್ಲಿಸಬೇಕು. ಆಮೇಲೆ ಕೆಳಗೆ ಪ್ರಾಪು (ಆಸರೆ ಕಂಬ) ಕೊಟ್ಟು, ಸಡಿಲ ಕಾಂಕ್ರೀಟನ್ನೆಲ್ಲ ಒಡೆದು ಸರಳಿನ ಹಿಂಭಾಗವೂ ಕಾಣುವಷ್ಟು ತೆರೆಯಬೇಕು. ತುಕ್ಕನ್ನು ಬ್ರಷ್ಷಿನಿಂದ ತಿಕ್ಕಿ ತೆಗೆದು, ತುಕ್ಕು ತಡೆಯುವ ಲೇಪ ಕೊಟ್ಟು, ಹಿಡಿತಕ್ಕೆ ಬಾಂಡಿಂಗ್ ಕೋಟ್ ಬಳಿದು, ಪಾಲಿಮರ್ ಬೆರೆಸಿದ ಗಾರೆ ತುಂಬಬೇಕು. ಸರಳು ಎದ್ದು ಕಾಣುವಷ್ಟು ತೆಳುವಾಗಿದ್ದರೆ ಪಕ್ಕದಲ್ಲಿ ಹೊಸ ಸರಳು ಸೇರಿಸಬೇಕು, ಎಷ್ಟು ಎಂದು ಇಂಜಿನಿಯರ್ ಲೆಕ್ಕ ಮಾಡುತ್ತಾರೆ. ಬರೀ ಪಿಒಪಿ ಹಚ್ಚಿ ಕೊಡುತ್ತೇನೆ ಎನ್ನುವ ಮಿಸ್ತ್ರಿಯನ್ನು ವಾಪಸು ಕಳಿಸಿ. ಹಾಳಾದ ಸ್ಲ್ಯಾಬಿನ ಕೆಳಗೆ ಫಾಲ್ಸ್ ಸೀಲಿಂಗ್ ಮಾಡಿಸಿದರೆ ಎಚ್ಚರಿಕೆ ಕೊಡುವ ಗುರುತುಗಳೆಲ್ಲ ಮರೆಯಾಗುತ್ತವೆ.

ನಮ್ಮದು ಹಳೇ ಚಾಳ್, ಮರದ ತೊಲೆ. ನಡೆದ್ರೆ ನೆಲ ಅಲುಗಾಡ್ತದೆ, ಮೋರಿ ಹತ್ತಿರ ತಗ್ಗಿದೆ.

ಸಾಗುವಾನಿ ತೊಲೆ, ಅದರ ಮೇಲೆ ಹಲಗೆ ಅಥವಾ ಕಲ್ಲಿನ ಲಾದಿ, ಮೇಲೆ ಕೋಬಾ. ಇದಕ್ಕೆ ಇಲ್ಲಿ ಲಾದಿ ಕೋಬಾ ಎನ್ನುತ್ತಾರೆ. ಒಣಗಿದ್ದರೆ ನೂರು ವರ್ಷ ದಾಟಿಯೂ ನಿಲ್ಲುವ ಕಟ್ಟಡ. ಹಾಳಾಗುವುದು ತೊಲೆಯ ತುದಿ, ಅದು ಗೋಡೆಯೊಳಗೆ ಹೂತು ಕೂತಿರುವ ಜಾಗ, ಅದರಲ್ಲೂ ಮೋರಿಯ ಪಕ್ಕ. ನಡುವಿನಲ್ಲಿ ತೊಲೆ ಗಟ್ಟಿಯಾಗೇ ಕಾಣುತ್ತದೆ, ಮೋಸ ಹೋಗಬೇಡಿ. ತುದಿಗೆ ದಬ್ಬಳ ಅಥವಾ ಸ್ಕ್ರೂಡ್ರೈವರ್ ಚುಚ್ಚಿ. ಸುಲಭವಾಗಿ ಅರ್ಧ ಇಂಚು ಒಳಗೆ ಹೋದರೆ ಮರ ಕೊಳೆತಿದೆ. ಮಣ್ಣಿನ ಸಣ್ಣ ಸುರಂಗ ಕಂಡರೆ ಗೆದ್ದಲು, ನುಣ್ಣನೆ ಹಿಟ್ಟಿನಂಥ ಪುಡಿ ಉದುರಿದ್ದರೆ ಮರ ಕೊರೆಯುವ ಹುಳು. ಕಬ್ಬಿಣದ ಗರ್ಡರ್ ಇದ್ದರೂ ನೋಡಬೇಕಾದದ್ದು ಗೋಡೆಯೊಳಗಿನ ತುದಿಯನ್ನೇ. ಅಲುಗಾಟ ನಿಲ್ಲಲಿ ಎಂದು ನೆಲದ ಮೇಲೆ ಹೊಸ ಟೈಲ್ಸ್ ಹಾಕಿಸುವವರಿದ್ದಾರೆ. ಅದು ಕೊಳೆತ ತುದಿಯ ಮೇಲೆ ಇನ್ನಷ್ಟು ಭಾರ ಹೇರಿದಂತೆ.

ಗೋವಾದಲ್ಲಿ ಹಳೇ ಚಿರೆಕಲ್ಲಿನ ಮನೆ ತಗೊಂಡ್ವಿ. ಸಿಮೆಂಟ್ ಪ್ಲಾಸ್ಟರ್ ಮಾಡಿಸಿದ ಮೇಲೆ ತೇವ ಇನ್ನೂ ಜಾಸ್ತಿಯಾಯ್ತು!

ಕರಾವಳಿಯವರಿಗೆ ಈ ಕಲ್ಲು ಗೊತ್ತೇ ಇದೆ. ಮೈತುಂಬ ತೂತಿರುವ ಕಲ್ಲು, ನೀರು ಕುಡಿಯುತ್ತದೆ, ಬಿಸಿಲು ಬಂದಾಗ ಬಿಟ್ಟುಕೊಡುತ್ತದೆ. ಹಳಬರು ಸುಣ್ಣದ ಗಾರೆ ಬಳಿದಿದ್ದು ಆ ತೇವ ಹೊರಹೋಗಲಿ ಎಂದೇ. ಸಿಮೆಂಟ್ ಪದರ ಅದನ್ನು ಒಳಗೇ ಕಟ್ಟಿಹಾಕುತ್ತದೆ. ಸಿಮೆಂಟ್ ತೆಗೆಸಿ ಒಂದು ಬೇಸಿಗೆ ಒಣಗಲು ಬಿಡಿ, ಮತ್ತೆ ಸುಣ್ಣದ ಗಾರೆಯನ್ನೇ ಮಾಡಿಸಿ, ಮೇಲೆ ಸುಣ್ಣದ ಬಣ್ಣ. ಮೊದಲು ಮಾಡು ನೋಡಿ: ಜಾರಿದ ಮಂಗಳೂರು ಹೆಂಚು ಒಂದೇ ಸಾಕು, ಗೋಡೆಯ ತಲೆಯಿಂದ ನೀರು ಇಳಿಯಲು. ಹೆಂಚು ಬದಲಿಸಲು ಹತ್ತಿದಾಗ ರೀಪುಗಳನ್ನೂ ನೋಡಿಬಿಡಿ.

ಪುಣೆಯ ನಮ್ಮ ರೋ ಹೌಸಿನ ಬಿರುಕು ಬೇಸಿಗೆಯಲ್ಲಿ ತೆರೆಯುತ್ತೆ, ಮಳೆ ಬಂದ್ರೆ ಮುಚ್ಚುತ್ತೆ. ಇದೇನಿದು?

ಪಾಯದ ಕೆಳಗೆ ಎರೆಮಣ್ಣು ಇರಬೇಕು. ಬಿಜಾಪುರ, ಧಾರವಾಡ, ಗದಗದವರು ಹೊಲದಲ್ಲಿ ಇದನ್ನು ನೋಡಿಯೇ ಬೆಳೆದಿರುತ್ತೀರಿ, ಒಣಗಿದರೆ ಕೈ ಹೋಗುವಷ್ಟು ಬಿರಿಯುತ್ತದೆ, ನೆನೆದರೆ ಉಬ್ಬುತ್ತದೆ. ಅದೇ ಮನೆಯ ಕೆಳಗೂ ನಡೆಯುತ್ತಿದೆ. ತೆರೆದಾಗ ಬಿರುಕಿಗೆ ಸಿಮೆಂಟ್ ತುಂಬಿದರೆ ಮಳೆಗಾಲದಲ್ಲಿ ಪಕ್ಕದಲ್ಲಿ ಹೊಸದು ಬರುತ್ತದೆ. ಮನೆಯ ಸುತ್ತ ತೇವ ವರ್ಷವಿಡೀ ಒಂದೇ ಹದದಲ್ಲಿರುವಂತೆ ನೋಡಿಕೊಳ್ಳಿ. ಗೋಡೆಗೆ ಅಂಟಿ ನಾಲ್ಕೈದು ಅಡಿ ಅಗಲದ ಇಳಿಜಾರು ಕಟ್ಟೆ ಮಾಡಿಸಿ, ಸೋರುವ ಚೇಂಬರ್ ಸರಿಪಡಿಸಿ, ದೊಡ್ಡ ಮರವನ್ನು ಗೋಡೆ ಹತ್ತಿರ ನೆಡಬೇಡಿ. ಅಗಲ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದರೆ ಪಾಯ ಪರೀಕ್ಷೆ ಮಾಡಿಸಬೇಕು.

## ಆಡಿಟ್, ನೋಟಿಸು, ಖರೀದಿ

ಸ್ಟ್ರಕ್ಚರಲ್ ಆಡಿಟ್‌ನಲ್ಲಿ ಏನು ಮಾಡ್ತಾರೆ? ರಿಪೋರ್ಟಿನ ನಂಬರ್‌ಗಳು ಅರ್ಥವೇ ಆಗಲ್ಲ.

ಮಹಾರಾಷ್ಟ್ರದ ಸೊಸೈಟಿಗಳ ಮಾದರಿ ಬೈಲಾ ಪ್ರಕಾರ 15ರಿಂದ 30 ವರ್ಷದ ಕಟ್ಟಡಕ್ಕೆ ಐದು ವರ್ಷಕ್ಕೊಮ್ಮೆ, 30 ದಾಟಿದ್ದಕ್ಕೆ ಮೂರು ವರ್ಷಕ್ಕೊಮ್ಮೆ ಆಡಿಟ್ ಆಗಬೇಕು. ಒಳ್ಳೆಯ ಆಡಿಟರ್ ಮೊದಲು ಪ್ರತಿ ಮನೆಯೊಳಗೆ ಬಂದು ಕಣ್ಣಿಂದ ನೋಡುತ್ತಾರೆ, ಆಮೇಲೆ ಯಂತ್ರ ತೆಗೆಯುತ್ತಾರೆ. ಹೊರಗಿನಿಂದ ಫೋಟೋ ತೆಗೆದು ಹೋದವರ ರಿಪೋರ್ಟಿಗೆ ಬೆಲೆ ಇಲ್ಲ.

ಅಲ್ಟ್ರಾಸಾನಿಕ್ ಪರೀಕ್ಷೆಯಲ್ಲಿ ಕಾಂಕ್ರೀಟಿನೊಳಗೆ ಧ್ವನಿ ತರಂಗ ಓಡುವ ವೇಗ ಅಳೆಯುತ್ತಾರೆ. ಸೆಕೆಂಡಿಗೆ 3.5 ಕಿಲೋಮೀಟರಿಗಿಂತ ಹೆಚ್ಚಿದ್ದರೆ ಒಳ್ಳೆಯದು, 3ಕ್ಕಿಂತ ಕಡಿಮೆ ಬಂದರೆ ಒಳಗೆ ಬಿರುಕು, ಟೊಳ್ಳು ಇರುವ ಅನುಮಾನ. ಹಾಫ್ ಸೆಲ್ ಪರೀಕ್ಷೆ ತುಕ್ಕಿನದ್ದು. ಮೈನಸ್ 350 ಮಿಲಿವೋಲ್ಟ್ ದಾಟಿ ಇನ್ನೂ ಕೆಳಗೆ ಹೋದರೆ ತುಕ್ಕು ನಡೆಯುತ್ತಿರುವ ಸಂಭವ ಶೇಕಡಾ 90ಕ್ಕಿಂತ ಹೆಚ್ಚು. ಫಿನಾಫ್ತಲೀನ್ ದ್ರಾವಣವನ್ನು ಹೊಸದಾಗಿ ಒಡೆದ ಕಾಂಕ್ರೀಟಿಗೆ ಸಿಂಪಡಿಸಿದರೆ ಕ್ಷಾರ ಉಳಿದ ಭಾಗ ಗುಲಾಬಿಯಾಗುತ್ತದೆ. ಬಣ್ಣ ಬರದ ಭಾಗ ಸರಳಿನವರೆಗೆ ತಲುಪಿದ್ದರೆ ರಕ್ಷಣೆ ಮುಗಿದಿದೆ ಎಂದರ್ಥ. ಇದನ್ನು ನಿಮ್ಮ ಎದುರೇ ಮಾಡಿಸಿ, ನೋಡಿದ ಕೂಡಲೇ ಅರ್ಥವಾಗುತ್ತದೆ. ಕಾಂಕ್ರೀಟಿನ ಮೈಗೆ ಬಡಿದು ಗಟ್ಟಿತನ ಅಳೆಯುವ ರಿಬೌಂಡ್ ಹ್ಯಾಮರ್ ಅಂಕಿಯನ್ನು ಮಾತ್ರ ಒಂಟಿಯಾಗಿ ನಂಬಬೇಡಿ. ಹಳೆ ಕಾಂಕ್ರೀಟಿನ ಮೇಲ್ಮೈ ಗಟ್ಟಿಯಾಗಿ ಇದ್ದುದಕ್ಕಿಂತ ಹೆಚ್ಚು ಬಲ ತೋರಿಸುತ್ತದೆ.

ಮುನ್ಸಿಪಾಲಿಟಿ ಸಿ-1 ಅಂತ ನೋಟಿಸ್ ಅಂಟಿಸಿದೆ. ಮನೆ ಬಿಟ್ರೆ ನಮ್ಮ ಪಾಗಡಿ (ಮುಂಗಡ ಕೊಟ್ಟು ಪಡೆದ ಹಳೇ ಬಾಡಿಗೆ) ಹಕ್ಕು ಹೋಗಲ್ವಾ?

ಮುಂಬೈಯಲ್ಲಿ ಸಿ-1 ಎಂದರೆ ಕೂಡಲೇ ಖಾಲಿ ಮಾಡಿ ಕೆಡವಬೇಕಾದ ಕಟ್ಟಡ. ಸಿ-2ಎ ಎಂದರೆ ಖಾಲಿ ಮಾಡಿ ದೊಡ್ಡ ರಿಪೇರಿ, ಸಿ-2ಬಿ ಎಂದರೆ ಖಾಲಿ ಮಾಡದೆ ರಿಪೇರಿ, ಸಿ-3 ಸಣ್ಣ ರಿಪೇರಿ. ಖಾಲಿ ಮಾಡಿದ ಮಾತ್ರಕ್ಕೆ ಬಾಡಿಗೆದಾರರ ಹಕ್ಕು ಹೋಗುವುದಿಲ್ಲ. ಬಿಡುವ ಮೊದಲು ಯಾರ ಖೋಲಿ ಎಷ್ಟು ಚದರಡಿ ಎಂದು ಅಳತೆ ದಾಖಲಾಗಿ ನಿಮ್ಮ ಕೈಗೆ ಕಾಗದ ಬರಬೇಕು, ಅದನ್ನು ಕೇಳಿ ತೆಗೆದುಕೊಳ್ಳಿ. ಬಾಡಿಗೆ ರಸೀದಿ, ಲೈಟ್ ಬಿಲ್ಲು, ರೇಷನ್ ಕಾರ್ಡು ಜೋಪಾನವಾಗಿಡಿ, ವಕೀಲರಿಗೆ ಒಮ್ಮೆ ತೋರಿಸಿ. ಮಾಲೀಕರ ಆಡಿಟ್ ಒಂದು ಹೇಳಿ ನಿಮ್ಮ ಆಡಿಟ್ ಇನ್ನೊಂದು ಹೇಳಿದರೆ ಎರಡನ್ನೂ ಪರಿಶೀಲಿಸಲು ಮಹಾನಗರಪಾಲಿಕೆಯ ತಾಂತ್ರಿಕ ಸಲಹಾ ಸಮಿತಿ ಇದೆ. ಮಾಹಿಮ್, ಸಯನ್‌ವರೆಗಿನ ಊರಿನೊಳಗೆ, 1969ರ ಸೆಪ್ಟೆಂಬರ್ 30ಕ್ಕಿಂತ ಮೊದಲಿನ ಸೆಸ್ (ರಿಪೇರಿ ತೆರಿಗೆ) ಕಟ್ಟುವ ಕಟ್ಟಡವಾದರೆ ರಾಜ್ಯದ ವಸತಿ ಪ್ರಾಧಿಕಾರ ಮ್ಹಾಡಾದ ರಿಪೇರಿ ಬೋರ್ಡಿಗೂ ಅರ್ಜಿ ಕೊಡಬೇಕು. ಉಪನಗರದ ಚಾಳುಗಳಿಗೆ ಆ ಬೋರ್ಡು ಬರುವುದಿಲ್ಲ.

ಹಳೇ ರೋ ಹೌಸ್ ಕೊಳ್ಳೋಕೆ ನೋಡ್ತಿದ್ದೇವೆ. ಏನು ನೋಡಬೇಕು?

ಜುಲೈಯಲ್ಲಿ ಎರಡು ದಿನ ಜೋರು ಮಳೆ ಸುರಿದ ಮರುದಿನ ಹೋಗಿ. ಬೇಸಿಗೆಯಲ್ಲೇ ಹೋಗಬೇಕಾದರೆ ಒಂದೇ ಗೋಡೆಗೆ ಹೊಸ ಬಣ್ಣ ಬಳಿದಿದ್ದಾರಾ ನೋಡಿ, ಕಪಾಟಿನ ಹಿಂದೆ ಟಾರ್ಚ್ ಬಿಡಿ, ಫಾಲ್ಸ್ ಸೀಲಿಂಗಿನ ಲೈಟು ಬಿಚ್ಚಿಸಿ ಮೇಲಿನ ಸ್ಲ್ಯಾಬ್ ಇಣುಕಿ. ನೆಲದ ಮೇಲೆ ಗೋಲಿ ಉರುಳಿಸಿ. ಬಾಗಿಲುಗಳ ಮೇಲಿನ ಸಂದು ಎರಡೂ ತುದಿಯಲ್ಲಿ ಒಂದೇ ಇದೆಯಾ ನೋಡಿ. ಎರಡೂ ಪಕ್ಕದ ಮನೆಯವರ ಜೊತೆ ಮಾತಾಡಿ, ಸಾಧ್ಯವಾದರೆ ಒಳಗೂ ನೋಡಿ. ಸಾಲಿನ ಕೊನೆಯ ಮನೆಗೆ ಒಂದು ಕಡೆ ಆಸರೆ ಇರುವುದಿಲ್ಲ, ಆ ಗೋಡೆ ಹೊರಗೆ ವಾಲಿದೆಯಾ ಎಂದು ಮಿಸ್ತ್ರಿಯ ಕೈಲಿ ತೂಕದ ಗುಂಡು ಇಳಿಬಿಡಿಸಿ ನೋಡಿ. ಟೋಕನ್ ಕೊಡುವ ಮೊದಲು ಒಬ್ಬ ಇಂಜಿನಿಯರಿಗೆ ಫೀಸು ಕೊಟ್ಟು ಕರೆದುಕೊಂಡು ಹೋಗಿ.

ಯಾವ ಗುರುತು ಕಂಡ್ರೆ ಯಾರನ್ನೂ ಕೇಳದೆ ಹೊರಗೆ ಬರಬೇಕು?

ಬಿರುಕು ಗಂಟೆ ಗಂಟೆಗೆ ಅಗಲವಾಗುತ್ತಿದ್ದರೆ. ನಿನ್ನೆ ಸರಿಯಿದ್ದ ಬಾಗಿಲು ಇವತ್ತು ಇದ್ದಕ್ಕಿದ್ದಂತೆ ಬಿಗಿದರೆ. ಪಿಲ್ಲರ್ ಉಬ್ಬಿದರೆ, ಅದರ ಮೈಯಲ್ಲಿ ಉದ್ದುದ್ದ ಸೀಳು ಬಂದು ಚೂರು ಸಿಡಿದರೆ. ತೊಲೆಯಿಂದ ಚಟಚಟ ಸದ್ದು ಬಂದು ಸೀಲಿಂಗಿನಿಂದ ಮರಳು ಸತತವಾಗಿ ಉದುರಿದರೆ. ಜೋರು ಮಳೆಯ ರಾತ್ರಿ ಇದರಲ್ಲಿ ಒಂದು ಕಂಡರೂ ಸಾಕು, ಬೆಳಗಾಗಲಿ ಎಂದು ಕಾಯಬೇಡಿ. ಅಕ್ಕಪಕ್ಕದ ಮನೆಗಳ ಬಾಗಿಲು ಬಡಿದು ಎಬ್ಬಿಸಿ, ಗೋಡೆ ಹಂಚಿಕೊಂಡ ಸಾಲಿನಲ್ಲಿ ಒಂದು ಮನೆ ಬಿದ್ದರೆ ಪಕ್ಕದ್ದನ್ನೂ ಎಳೆದುಕೊಂಡು ಬೀಳಬಹುದು. ಕಟ್ಟಡದ ಎತ್ತರಕ್ಕಿಂತ ದೂರ ಹೋಗಿ ನಿಂತು, ಮುಂಬೈಯಲ್ಲಾದರೆ 1916ಕ್ಕೆ, ಬೇರೆಡೆ ಅಗ್ನಿಶಾಮಕದ 101ಕ್ಕೆ ಫೋನ್ ಮಾಡಿ. ಇಂಜಿನಿಯರ್ ನೋಡಿ, ಪ್ರಾಪು ಕೊಟ್ಟು, ಹೋಗಬಹುದು ಎಂದು ಹೇಳುವವರೆಗೆ ಚಿನ್ನ, ಕಾಗದಪತ್ರ, ಯಾವುದಕ್ಕೂ ಮತ್ತೆ ಒಳಗೆ ಹೋಗಬೇಡಿ.